ಆರದ ಒಲೆ, ಕಾಯದ ನೀರು

ಕಲ್ಯಾಣದ ಚರಿತ್ರೆಯಲ್ಲಿ ಕಟ್ಟಿಗೆಯ ಹೊರೆಗೂ ಒಂದು ಸ್ಥಾನವಿದೆ. ಹನ್ನೆರಡನೆಯ ಶತಮಾನದ ಶರಣ ಮೋಳಿಗೆಯ ಮಾರಯ್ಯನು ಸೌದೆ ಮಾರಿ ಜೀವಿಸಿದವನು. 'ಮೋಳಿಗೆ' ಎಂದರೆ ಕಟ್ಟಿಗೆಯ ಹೊರೆ. ಅವನ ಕಾಯಕವೇ ಅವನ ಹೆಸರಿನ ಭಾಗವಾಯಿತು. ಕಾಶ್ಮೀರದ ಅರಸುತನವನ್ನು ತೊರೆದು ಬಂದವನೆಂದು ಶರಣರ ಕಥೆಗಳು ಅವನನ್ನು ವರ್ಣಿಸುತ್ತವೆ. ಹೊರೆ ಹೊತ್ತವನಿಗೆ ಒಂದೊಂದು ಕಟ್ಟಿಗೆಯ ಬೆಲೆಯೂ ಗೊತ್ತಿರುತ್ತದೆ. ಬಿಸಿನೀರನ್ನು ಮೈಮೇಲೆ ಸುರಿದುಕೊಳ್ಳುವವರಿಗೆ ಆ ಬೆಲೆ ಮರೆತುಹೋಗುವುದುಂಟು.

ಬಸವಕಲ್ಯಾಣ, ಹುಮನಾಬಾದಗಳು ಬೀದರ ಜಿಲ್ಲೆಯ ಎತ್ತರದ ಬಯಲುಸೀಮೆಯಲ್ಲಿವೆ. ಸಮುದ್ರದಿಂದ ದೂರವಿರುವ ಈ ನೆಲ ಬೇಸಗೆಯಲ್ಲಿ ಕಾದ ಹೆಂಚಿನಂತಾಗುತ್ತದೆ; ಪುಷ್ಯ ಮಾಸದ ಇರುಳಿನಲ್ಲಿ ಅಷ್ಟೇ ಬೇಗ ತಣಿಯುತ್ತದೆ. ಕೆಲವು ದಿನ ಬೆಳಗಿನ ಉಷ್ಣತೆ 10 ಡಿಗ್ರಿಗಿಂತಲೂ ಕೆಳಗಿಳಿಯುತ್ತದೆ. ಅಂಥ ಬೆಳಗಿನಲ್ಲಿ ಎಲ್ಲರಿಗಿಂತ ಮೊದಲು ಏಳಬೇಕಾದವಳು ಮನೆಯ ತಾಯಿ. ಅವಳು ಮೊದಲು ಹೊತ್ತಿಸುವುದು ಬಚ್ಚಲ ಒಲೆಯನ್ನು. ತೊಗರಿಯ ಕಡ್ಡಿ, ಜಾಲಿಯ ಸೌದೆ, ಕುಳ್ಳು ಇವೇ ಅದರ ಆಹಾರ. ಅಡುಗೆಗೆ ಅನಿಲ ಬಂದ ಅನೇಕ ಮನೆಗಳಲ್ಲಿಯೂ ಸ್ನಾನದ ನೀರು ಇಂದಿಗೂ ಕಟ್ಟಿಗೆಯಿಂದಲೇ ಕಾಯುತ್ತದೆ.

ಬಸವಕಲ್ಯಾಣದ ಹಳೆಯ ಬೀದಿಯ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಬಚ್ಚಲಿನಲ್ಲಿ 40 ಲೀಟರ್ ಹಿಡಿಯುವ ತಾಮ್ರದ ಹಂಡೆ ಇದೆ. ಮಳೆಗಾಲದ ಕೊನೆಯಲ್ಲಿ ಅದರ ನೀರು ಅರ್ಧ ಗಂಟೆಯಲ್ಲಿ ಕಾಯುತ್ತಿತ್ತು. ಈಗ ಎರಡು ಗಂಟೆ ಉರಿಸಿದರೂ ನೀರು ಉಗುರುಬೆಚ್ಚಗೆ. ತಾಯಿ ಕಟ್ಟಿಗೆ ಒಡ್ಡುತ್ತಲೇ ಇದ್ದಾಳೆ. ಮಕ್ಕಳಿಗೆ ಶಾಲೆಗೆ ಹೊತ್ತಾಗುತ್ತಿದೆ. "ಥಂಡಿ ಭಾಳ ಅದ" ಎಂದು ಅಜ್ಜಿ ಸಮಾಧಾನ ಹೇಳುತ್ತಾಳೆ. ಮನೆಯವರೆಲ್ಲರೂ ಆ ಮಾತನ್ನು ಒಪ್ಪುತ್ತಾರೆ.

ಅಜ್ಜಿಯ ಮಾತು ಸುಳ್ಳಲ್ಲ. ಆದರೆ ಅದು ಎಷ್ಟರಮಟ್ಟಿಗೆ ನಿಜವೆಂಬುದನ್ನು ಲೆಕ್ಕ ಹಾಕಿ ನೋಡಬಹುದು. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಒಂದು ಕಿಲೋಕ್ಯಾಲೊರಿ ಶಾಖ ಬೇಕು. ಮಳೆಗಾಲದಲ್ಲಿ 25 ಡಿಗ್ರಿ ಇದ್ದ ನೀರನ್ನು 45 ಡಿಗ್ರಿಗೆ ಏರಿಸಲು 40 ಲೀಟರಿಗೆ 800 ಕಿಲೋಕ್ಯಾಲೊರಿ ಸಾಕು. ಚಳಿಗಾಲದಲ್ಲಿ ರಾತ್ರಿಯೆಲ್ಲ ತಣಿದು 15 ಡಿಗ್ರಿಗೆ ಇಳಿದ ನೀರಿಗೆ 1200 ಬೇಕು. ಅಂದರೆ ಚಳಿಯ ಪಾಲು ಒಂದೂವರೆ ಪಟ್ಟು ಮಾತ್ರ. ಅರ್ಧ ಗಂಟೆಯ ಕೆಲಸ ಮುಕ್ಕಾಲು ಗಂಟೆಯಾಗಬಹುದು. ತಣ್ಣನೆಯ ಗಾಳಿಗೆ ಸೋರುವ ಶಾಖವನ್ನು ಸೇರಿಸಿಕೊಂಡರೆ ಒಂದು ಗಂಟೆಯೂ ಆಗಬಹುದು. ಉಳಿದ ಒಂದು ಗಂಟೆಯ ತಪ್ಪನ್ನು ಚಳಿಯ ಮೇಲೆ ಹೊರಿಸುವುದು ನ್ಯಾಯವಲ್ಲ. ಆ ತಪ್ಪು ಒಲೆಯಲ್ಲಿಯೇ ಎಲ್ಲಿಯೋ ಅಡಗಿದೆ.

ಅದನ್ನು ಹುಡುಕುವವರು ಮೂರು ಪ್ರಶ್ನೆಗಳನ್ನು ಕೇಳಬೇಕು. ಶಾಖ ಸರಿಯಾಗಿ ಹುಟ್ಟುತ್ತಿದೆಯೆ? ಹುಟ್ಟಿದ ಶಾಖ ನೀರಿಗೆ ಸೇರುತ್ತಿದೆಯೆ? ಸೇರಿದ ಶಾಖ ಅಲ್ಲಿ ಉಳಿಯುತ್ತಿದೆಯೆ?

ಮೊದಲನೆಯ ಪ್ರಶ್ನೆಗೆ ಉತ್ತರ ಕಟ್ಟಿಗೆಯಲ್ಲಿದೆ. ಇಬ್ಬನಿಯಲ್ಲಿ ನೆನೆದ ಕಟ್ಟಿಗೆ ಮೊದಲು ತನ್ನೊಳಗಿನ ನೀರನ್ನೇ ಕಾಯಿಸಿ ಆವಿಯಾಗಿಸಬೇಕು. ಹಾಗೆ ಹೋಗುವ ಒಂದೊಂದು ಲೀಟರ್ ನೀರೂ 600ಕ್ಕಿಂತ ಹೆಚ್ಚು ಕಿಲೋಕ್ಯಾಲೊರಿಯನ್ನು ನುಂಗುತ್ತದೆ. ಸುಂಯ್‌ಗುಟ್ಟುತ್ತ ತುದಿಯಲ್ಲಿ ನೊರೆ ಉಕ್ಕಿಸುವ ಕಟ್ಟಿಗೆ ಈ ದೋಷವನ್ನು ತಾನೇ ಹೇಳುತ್ತದೆ. ಅನಂತರ ಬೂದಿಯನ್ನು ನೋಡಬೇಕು. ನಿನ್ನೆಯ ಬೂದಿ ಒಲೆಯಲ್ಲಿಯೇ ತುಂಬಿದ್ದರೆ ಬೆಂಕಿಗೆ ಗಾಳಿ ಸಿಗದು. ಉರಿಯ ಬದಲು ಹೊಗೆ ಬರುತ್ತದೆ. ಇದಕ್ಕೆ ವಿರುದ್ಧವಾಗಿ ಒಲೆಯ ಬಾಯಿ ಅಗಲವಾಗಿದ್ದರೆ ಅಗತ್ಯಕ್ಕಿಂತ ಹೆಚ್ಚು ತಣ್ಣನೆಯ ಗಾಳಿ ನುಗ್ಗುತ್ತದೆ. ಆಗ ಉರಿ ಅಬ್ಬರಿಸುತ್ತದೆ, ಕಟ್ಟಿಗೆ ಬೇಗ ಮುಗಿಯುತ್ತದೆ, ಶಾಖ ಮಾತ್ರ ಹೊಗೆಯ ಹಿಂದೆ ಹೊರಟುಹೋಗುತ್ತದೆ. ನೋಡುವವರಿಗೆ ಅದು ಒಳ್ಳೆಯ ಉರಿಯಂತೆ ಕಾಣುವುದೇ ಮೋಸ.

ಎರಡನೆಯ ಪ್ರಶ್ನೆಗೆ ಹಂಡೆಯ ಸುತ್ತಲೂ ನೋಡಬೇಕು. ಒಲೆಯ ಗೋಡೆಗೂ ಹಂಡೆಗೂ ನಡುವೆ ಕಿರಿದಾದ ಸಂದು ಇರಬೇಕು. ಆಗ ಬಿಸಿಗಾಳಿ ಹಂಡೆಯ ಮೈಯನ್ನು ಸವರಿಕೊಂಡು ಮೇಲೇರುತ್ತದೆ. ಗೋಡೆಯ ಮಣ್ಣು ಉದುರಿ ಸಂದು ಅಗಲವಾದರೆ ಉರಿ ಹಂಡೆಯನ್ನು ಮುಟ್ಟದೆಯೇ ಹೊರಬೀಳುತ್ತದೆ. ಅನೇಕ ಮನೆಗಳಲ್ಲಿ ದೊಡ್ಡ ನಷ್ಟ ಇಲ್ಲಿಯೇ. ಒಂದು ಹಿಡಿ ಜೇಡಿಮಣ್ಣು ಅದಕ್ಕೆ ಮದ್ದು. ಹಂಡೆಯ ಹೊರಮೈಯ ಮಸಿ, ಒಳಮೈಗೆ ಗಡಸುನೀರು ಕಟ್ಟಿದ ಸುಣ್ಣದ ಪದರ ಇವೂ ಶಾಖಕ್ಕೆ ಅಡ್ಡ. ತೆಳುವಾದ ಪದರದಿಂದ ಹೆಚ್ಚಿನ ತೊಂದರೆಯಿಲ್ಲ. ವರ್ಷಗಟ್ಟಲೆ ಬೆಳೆದದ್ದನ್ನು ತೆಗೆಯಲೇಬೇಕು. ಹುಣಸೆಯ ಹುಳಿ ಹಚ್ಚಿ ಉಜ್ಜಿದರೆ ಸುಣ್ಣ ಸಡಿಲವಾಗುತ್ತದೆ.

ಮೂರನೆಯ ಪ್ರಶ್ನೆಗೆ ಉತ್ತರ ಅತ್ಯಂತ ಸುಲಭ. ತೆರೆದ ಹಂಡೆಯಿಂದ ಏಳುವ ಆವಿಯು ಒಲೆ ಕೊಟ್ಟ ಶಾಖವನ್ನೇ ಹೊತ್ತುಕೊಂಡು ಹೋಗುತ್ತದೆ. ಬಾಯಿಗೆ ಒಂದು ತಟ್ಟೆ ಮುಚ್ಚಿದರೆ ಸಾಕು.

ಇವೆಲ್ಲವನ್ನೂ ಒಂದೇ ದಿನ ತಿದ್ದಿದರೆ ನೀರು ಬೇಗ ಕಾಯಬಹುದು. ಆದರೆ ದೋಷ ಯಾವುದಿತ್ತೆಂಬುದು ತಿಳಿಯದು. ದಿನಕ್ಕೊಂದನ್ನು ತಿದ್ದಿ, ಉರಿಸಿದ ಕಟ್ಟಿಗೆಯನ್ನು ತೂಗಿ, ಹಿಡಿದ ಸಮಯವನ್ನು ಬರೆದಿಡಬೇಕು. ಒಂದು ತಕ್ಕಡಿ, ಒಂದು ಗಡಿಯಾರ, ಒಂದು ನೋಟುಪುಸ್ತಕ ಇದ್ದರೆ ಬಚ್ಚಲೇ ಪ್ರಯೋಗಶಾಲೆಯಾಗುತ್ತದೆ.

ಚಳಿಗೆ ಹೆದರಿ ಮಾಡುವ ಒಂದು ತಪ್ಪು ಮಾತ್ರ ಪ್ರಾಣಕ್ಕೇ ಅಪಾಯ. ಗಾಳಿ ಬಾರದಂತೆ ಬಚ್ಚಲಿನ ಬಾಗಿಲು, ಕಿಟಕಿಗಳನ್ನು ಮುಚ್ಚಿ ಒಲೆ ಉರಿಸಬಾರದು. ಗಾಳಿ ಸಾಲದ ಬೆಂಕಿಯಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು ಬಂದೊಡನೆ ಹೊರಗಿನ ಗಾಳಿಗೆ ಬರಬೇಕು. ಕೆಂಡದ ಅಗ್ಗಿಷ್ಟಿಕೆಯನ್ನು ಮಲಗುವ ಕೋಣೆಯಲ್ಲಿಟ್ಟು ಬಾಗಿಲು ಹಾಕಿಕೊಳ್ಳುವುದೂ ಇಷ್ಟೇ ಅಪಾಯಕರ.

ಈ ವಿಚಾರ ಬೀದರ ಜಿಲ್ಲೆಗೆ ಮಾತ್ರ ಸಂಬಂಧಿಸಿದುದಲ್ಲ. ಉತ್ತರ ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಹಿಮ ಬೀಳುವ ತಿಂಗಳುಗಳಲ್ಲಿ ಇಡೀ ಮನೆಯನ್ನೇ ಬಿಸಿಯಾಗಿಡಬೇಕು. ಅಲ್ಲಿನ ಅನೇಕ ಮನೆಗಳ ನೆಲಮಾಳಿಗೆಯಲ್ಲಿ ಅನಿಲದಿಂದ ಉರಿಯುವ ಕುಲುಮೆಯೊಂದಿರುತ್ತದೆ. ಬೀಸಣಿಗೆಯೊಂದು ಅದರ ಬಿಸಿಗಾಳಿಯನ್ನು ಕೊಳವೆಗಳ ಮೂಲಕ ಕೋಣೆಗಳಿಗೆ ದೂಡುತ್ತದೆ. ಅದು ನಿಲ್ಲದೆ ಉರಿಯತೊಡಗಿದಾಗ ಅಲ್ಲಿಯೂ ಕೇಳುವುದು ಇವೇ ಮೂರು ಪ್ರಶ್ನೆಗಳನ್ನು. ಅತಿ ಕಠಿಣ ಚಳಿಯ ದಿನ ಅದು ದೀರ್ಘಕಾಲ ಉರಿಯುವುದು ಸಹಜ. ಸಾಧಾರಣ ಚಳಿಯಲ್ಲಿಯೂ ನಿಲ್ಲದಿದ್ದರೆ ಮೊದಲು ಗಾಳಿ ಸೋಸುವ ಜಾಲರಿಗೆ ಧೂಳು ಕಟ್ಟಿದೆಯೆ, ಕೊಳವೆಗಳು ಸೋರುತ್ತಿವೆಯೆ, ಕಿಟಕಿಗಳ ಸಂದಿನಿಂದ ಶಾಖ ಹೋಗುತ್ತಿದೆಯೆ ಎಂದು ನೋಡುತ್ತಾರೆ. ಯಂತ್ರ ಬೇರೆ, ನ್ಯಾಯ ಒಂದೇ.

ನಮ್ಮ ನಾಡಿನಲ್ಲಿ ಈ ನ್ಯಾಯವನ್ನು ಒಲೆಗೆ ಅನ್ವಯಿಸಿದ ವಿಜ್ಞಾನಿಗಳಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ. ಕೆ. ಎನ್. ರೆಡ್ಡಿಯವರ ನೇತೃತ್ವದಲ್ಲಿ 'ಅಸ್ತ್ರ' ಎಂಬ ಕೇಂದ್ರ ಆರಂಭವಾಯಿತು. ಹಳ್ಳಿಯ ಬದುಕಿಗೆ ವಿಜ್ಞಾನವನ್ನು ಒದಗಿಸುವುದು ಅದರ ಗುರಿ. ಹಳೆಯ ಒಲೆಗಳಲ್ಲಿ ಕಟ್ಟಿಗೆಯ ಶಾಖದ ಸುಮಾರು ಹತ್ತನೆಯ ಒಂದು ಪಾಲು ಮಾತ್ರ ಪಾತ್ರೆಗೆ ಸೇರುತ್ತದೆ. ಬೆಂಕಿಯ ಗೂಡನ್ನು ಮುಚ್ಚಿ, ಗಾಳಿಯನ್ನು ಅಳೆದು ಬಿಟ್ಟು, ಹೊಗೆಯನ್ನು ಕೊಳವೆಯಿಂದ ಹೊರಹಾಕಿದ 'ಅಸ್ತ್ರ ಒಲೆ'ಯು ಆ ಪಾಲನ್ನು ಬಹಳವಾಗಿ ಹೆಚ್ಚಿಸಿತು.

ನಿಲ್ಲದೆ ಉರಿಯುವ ಬೆಂಕಿ ಬಲವಾದ ಬೆಂಕಿಯಲ್ಲ. ಅದು ತಾನು ಮಾಡಬೇಕಾದ ಕೆಲಸವನ್ನು ಮಾಡಲಾರದೆ ಕೂಗುತ್ತಿರುವ ಬೆಂಕಿ. ಆ ಕೂಗನ್ನು ಕೇಳಿ ಇನ್ನೊಂದು ಕಟ್ಟಿಗೆ ಒಡ್ಡುವುದು ಸುಲಭ; ಕಾರಣವನ್ನು ಹುಡುಕುವುದು ವಿವೇಕ. ಹಾಗೆ ಹುಡುಕಿದ ಮನೆಯಲ್ಲಿ ತಾಯಿ ಒಂದು ಗಂಟೆ ಹೆಚ್ಚು ಮಲಗುತ್ತಾಳೆ; ಅವಳ ಕಣ್ಣಿಗೆ ಒಂದು ಗಂಟೆಯ ಹೊಗೆ ತಪ್ಪುತ್ತದೆ; ಯಾರದೋ ತಲೆಯ ಮೇಲಿನ ಮೋಳಿಗೆ ಅಷ್ಟು ಹಗುರವಾಗುತ್ತದೆ.

ಅಭ್ಯಾಸ

1. ನೀರು ಕಾಯದಿರಲು ಚಳಿಯೊಂದೇ ಕಾರಣವಲ್ಲವೆಂಬುದನ್ನು ಲೆಕ್ಕದ ಮೂಲಕ ಹೇಗೆ ತೋರಿಸಲಾಗಿದೆ?
2. ಒಲೆಯ ದೋಷವನ್ನು ಹುಡುಕುವಾಗ ಕೇಳಬೇಕಾದ ಮೂರು ಪ್ರಶ್ನೆಗಳನ್ನು ವಿವರಿಸಿರಿ.
3. ದಿನಕ್ಕೊಂದು ದೋಷವನ್ನು ಮಾತ್ರ ಏಕೆ ತಿದ್ದಬೇಕು?
4. "ನಿಲ್ಲದೆ ಉರಿಯುವ ಬೆಂಕಿ ಬಲವಾದ ಬೆಂಕಿಯಲ್ಲ." ಸಂದರ್ಭದೊಡನೆ ವಿವರಿಸಿರಿ.