ಮೂರನೇ ಟೀಮಿನ ದುಡ್ಡು

ಅಮೆರಿಕದಲ್ಲಿ ನೆಲೆಸಿರುವ ಕನ್ನಡದ ಸಂಸಾರಗಳ ಬಜೆಟ್ಟಿನಲ್ಲಿ ಮನೆ ಸಾಲದ ಕಂತು, ಕಾರಿನ ವಿಮೆ, ಊರಿಗೆ ಹೋಗಿಬರುವ ವಿಮಾನದ ಟಿಕೆಟ್ಟು ಇವುಗಳ ಸಾಲಿನಲ್ಲೇ ಈಗ ಮಕ್ಕಳ ಟ್ರಾವೆಲ್ ಟೀಮಿನ ಫೀಸೂ ಬಂದು ಕೂತಿದೆ. ಊರಿನಲ್ಲಿರುವ ಅಜ್ಜ ಅಜ್ಜಿಯರಿಗೆ ಈ ಮಾತು ಹೊಸದಿರಬಹುದು. ಬಡಾವಣೆಯ ಮಕ್ಕಳೆಲ್ಲ ಹೆಸರು ಕೊಟ್ಟು ಆಡುವ ಅಗ್ಗದ ಲೀಗಿಗೆ ಅಲ್ಲಿ ರೆಕ್ ಎನ್ನುತ್ತಾರೆ. ಟ್ರೈಔಟ್ ನಡೆಸಿ ಮಕ್ಕಳನ್ನು ಆರಿಸಿ, ಸಂಬಳದ ಕೋಚ್ ಇಟ್ಟು, ವಾರದ ಕೊನೆಗೆ ಬೇರೆ ಊರು, ಬೇರೆ ರಾಜ್ಯಗಳಿಗೆ ಕರೆದೊಯ್ದು ಆಡಿಸುವುದು ಟ್ರಾವೆಲ್. ಆಸ್ಪೆನ್ ಇನ್‌ಸ್ಟಿಟ್ಯೂಟಿನ 2024ರ ಪಾಲಕರ ಸಮೀಕ್ಷೆಯ ಪ್ರಕಾರ ಒಂದು ಮಗುವಿನ ಮುಖ್ಯ ಆಟಕ್ಕೆ ಕುಟುಂಬವೊಂದು ವರ್ಷಕ್ಕೆ ಸರಾಸರಿ 1,016 ಡಾಲರ್ ಖರ್ಚು ಮಾಡುತ್ತದೆ. 2019ಕ್ಕಿಂತ ಇದು ಶೇ 46ರಷ್ಟು ಹೆಚ್ಚು. ಅಗ್ಗದ ಲೀಗುಗಳೂ ಸೇರಿದ ಸರಾಸರಿ ಇದು. ಟ್ರಾವೆಲ್ ಕ್ಲಬ್ಬಿನಲ್ಲಿ ಫೀಸೊಂದೇ ಸಾವಿರಗಳಲ್ಲಿ ಹೋಗುವುದು ಮಾಮೂಲು. ಖರ್ಚು ಜಾಸ್ತಿಯಾಯಿತು ಎನ್ನುವುದು ನನ್ನ ದೂರಲ್ಲ. ಕೈಲಾಗುವವರು ಮಕ್ಕಳ ಆಟಕ್ಕೆ ಸಂತೋಷದಿಂದ ಖರ್ಚು ಮಾಡಲಿ. ಒಂದೇ ಕ್ಲಬ್ಬಿನೊಳಗೆ ಎಲ್ಲರಿಂದ ಒಂದೇ ಫೀಸು ತೆಗೆದುಕೊಂಡು, ಕೆಲವರಿಗೆ ಮಾತ್ರ ಪೂರ್ತಿ ಕೋಚಿಂಗ್ ಕೊಡುವುದು ನ್ಯಾಯವಲ್ಲ ಎನ್ನುವುದು ನನ್ನ ವಾದ.

ಯಾವುದೇ ಸಾಕರ್ ಕ್ಲಬ್ಬಿನ ಮಂಗಳವಾರ ಸಂಜೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಒಂದೇ ಮೈದಾನ, ಒಂದೇ ದೀಪ, ಎಲ್ಲ ಮಕ್ಕಳ ಮೈಮೇಲೂ ಒಂದೇ ಬಣ್ಣದ ಜೆರ್ಸಿ. ಆ ತುದಿಯಲ್ಲಿ ಒಂಬತ್ತು ವರ್ಷದವರ ಮೊದಲ ಟೀಮು. ಲೈಸೆನ್ಸ್ ಇರುವ ಕೋಚ್ ಕಿತ್ತಳೆ ಕೋನ್‌ಗಳನ್ನು ಅಳೆದು ಇಟ್ಟಿದ್ದಾರೆ, ಗೋಲ್‌ಕೀಪರನನ್ನು ಪಕ್ಕಕ್ಕೆ ಕರೆದು ಸಹಾಯಕರೊಬ್ಬರು ಬೇರೆಯೇ ಕಲಿಸುತ್ತಿದ್ದಾರೆ. ಈ ತುದಿಯಲ್ಲಿ ಮೂರನೇ ಟೀಮು. ಆಫೀಸಿನಿಂದ ನೇರವಾಗಿ ಬಂದ ಒಬ್ಬ ಮಗುವಿನ ಅಪ್ಪ, ಇನ್ನೂ ಆಫೀಸಿನ ಪ್ಯಾಂಟಿನಲ್ಲೇ, ಹನ್ನೆರಡು ಮಕ್ಕಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ಒಬ್ಬೊಬ್ಬರಿಂದ ಗೋಲಿಗೆ ಹೊಡೆಸುತ್ತಿದ್ದಾರೆ. ಒಂದು ಮಗು ಒದೆಯುವಾಗ ಹನ್ನೊಂದು ಮಕ್ಕಳು ನೋಡುತ್ತ ನಿಂತಿರುತ್ತವೆ. ಆ ಅಪ್ಪನ ಮೇಲೆ ನನಗೆ ಗೌರವವಿದೆ. ಸಂಬಳವಿಲ್ಲದೆ ತಮ್ಮ ಸಂಜೆ ಕೊಟ್ಟು ನಿಂತಿದ್ದಾರೆ. ಅವರ ಆ ಪುಕ್ಕಟೆ ದುಡಿಮೆಯಿಂದ ಉಳಿದ ಹಣ ಅವರ ಟೀಮಿನ ಮಕ್ಕಳಿಗೆ ಸಿಗದೆ ಎಲ್ಲಿಗೋ ಹೋಗುತ್ತಿದೆಯಲ್ಲ, ಅದನ್ನೇ ನಾನು ಕೇಳುತ್ತಿರುವುದು.

ಒಂದು ಲೆಕ್ಕ ಹಾಕೋಣ. ಅಂಕಿಗಳು ನಾನು ಊಹಿಸಿಕೊಂಡವು, ನಿಮ್ಮ ಕ್ಲಬ್ಬಿನ ಅಂಕಿ ಹಾಕಿ ನೋಡಿಕೊಳ್ಳಬಹುದು. ಒಂದು ವಯಸ್ಸಿನ ಗುಂಪಿನಲ್ಲಿ ಮೂರು ಟೀಮು, ಟೀಮಿಗೆ 12 ಮಕ್ಕಳು, ತಲಾ ಫೀಸು 2,000 ಡಾಲರ್. ಒಟ್ಟು 72,000. ಮೈದಾನದ ಬಾಡಿಗೆ, ರೆಫರಿ, ವಿಮೆ, ಆಫೀಸು ಎಲ್ಲರಿಗೂ ಸಮ: ತಲೆಗೆ 700. ಅದಾದ ಮೇಲೆ ಮೊದಲ ಟೀಮಿನ ಕೋಚ್, ಸಹಾಯಕ ಕೋಚ್, ವಾರಕ್ಕೆ ಮೂರನೇ ಪ್ರ್ಯಾಕ್ಟೀಸು, ದೂರದ ಟೂರ್ನಮೆಂಟುಗಳ ಪ್ರವೇಶ ಫೀಸು, ಕೋಚಿನ ಹೋಟೆಲು ಸೇರಿ 29,000. ಎರಡನೇ ಟೀಮಿಗೆ 10,000. ಮೂರನೆಯದಕ್ಕೆ ವಾರಕ್ಕೊಮ್ಮೆ ಬರುವ ಟ್ರೇನರ್ ಮತ್ತು ಹತ್ತಿರದ ಒಂದೆರಡು ಟೂರ್ನಮೆಂಟು ಸೇರಿ 4,500. ಈಗ ತಲಾವಾರು ನೋಡಿದರೆ ಮೊದಲ ಟೀಮಿನ ಮಗುವಿನ ಮೇಲೆ ಕ್ಲಬ್ಬು ಹೆಚ್ಚುಕಮ್ಮಿ 3,117 ಡಾಲರ್ ಖರ್ಚು ಮಾಡುತ್ತದೆ, ಎರಡನೆಯದರ ಮೇಲೆ 1,533, ಮೂರನೆಯದರ ಮೇಲೆ 1,075. ಮೂವರ ಮನೆಯಿಂದಲೂ ಬಂದದ್ದು 2,000. ಮೂರನೇ ಟೀಮಿನ ಹನ್ನೆರಡು ಮನೆಗಳಿಂದ 11,100 ಡಾಲರ್, ಎರಡನೆಯದರಿಂದ 5,600 ಹೊರಗೆ ಹರಿದು, ಮೊದಲ ಟೀಮಿನ 13,400ರ ಕೊರತೆಯನ್ನು ತುಂಬಿ, ಮಿಕ್ಕ 3,300 ಕ್ಲಬ್ಬಿನ ಪೆಟ್ಟಿಗೆಗೆ ಬಿದ್ದಿದೆ. ಒಂದೇ ಮನೆಯ ಇಬ್ಬರು ಮಕ್ಕಳಲ್ಲಿ ಅಕ್ಕ ಮೊದಲ ಟೀಮಿನಲ್ಲಿ, ತಮ್ಮ ಮೂರನೆಯದರಲ್ಲಿ ಇದ್ದರೆ ಈ ಅನ್ಯಾಯ ಕಣ್ಣಿಗೇ ಕಾಣುವುದಿಲ್ಲ, ಏಕೆಂದರೆ ಎರಡೂ ಚೆಕ್ಕಿನ ಮೊತ್ತ ಒಂದೇ.

ಚೆನ್ನಾಗಿ ಆಡುವ ಮಗುವಿಗೆ ಹೆಚ್ಚು ಸಿಗಬೇಕಾದದ್ದು ಸಹಜ, ಅದು ಅರ್ಹತೆ ಎನ್ನುವವರಿದ್ದಾರೆ. ಎಂಟೊಂಬತ್ತು ವರ್ಷದ ಮಗುವಿನಲ್ಲಿ ಅರ್ಹತೆ ಎಂದು ನಾವು ಕರೆಯುವುದರಲ್ಲಿ ಎಷ್ಟು ಭಾಗ ಹುಟ್ಟಿದ ತಿಂಗಳು ಎಂಬುದನ್ನು ಅವರು ಯೋಚಿಸಬೇಕು. ಕೆನಡಾದ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್ಲಿ ಮತ್ತು ಸಂಗಡಿಗರು 1985ರಲ್ಲಿ ಐಸ್ ಹಾಕಿ ಆಟಗಾರರ ಜನ್ಮದಿನಗಳನ್ನು ತೆಗೆದು ನೋಡಿದಾಗ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರು ಎದ್ದು ಕಾಣುವಷ್ಟು ಹೆಚ್ಚಿದ್ದರು. ಅಲ್ಲಿನ ಹಾಕಿಯಲ್ಲಿ ವಯಸ್ಸಿನ ಗುಂಪಿಗೆ ಜನವರಿ 1 ಗಡಿ. ಜನವರಿಯ ಮಗು ಡಿಸೆಂಬರಿನ ಮಗುವಿಗಿಂತ ಹನ್ನೊಂದು ತಿಂಗಳು ದೊಡ್ಡದು, ಆ ವಯಸ್ಸಿನಲ್ಲಿ ಹನ್ನೊಂದು ತಿಂಗಳೆಂದರೆ ಒಂದೆರಡು ಅಂಗುಲ ಎತ್ತರ, ಕಾಲಿನಲ್ಲಿ ಒಂದಿಷ್ಟು ಜಾಸ್ತಿ ಬಲ. ದೊಡ್ಡದೆಂದು ಆರಿಸುತ್ತೇವೆ, ಆರಿಸಿದ್ದಕ್ಕೆ ಒಳ್ಳೆಯ ಕೋಚ್ ಕೊಡುತ್ತೇವೆ, ಒಳ್ಳೆಯ ಕೋಚಿನಿಂದ ಅದು ನಿಜವಾಗಿಯೂ ಮುಂದೆ ಹೋಗುತ್ತದೆ, ಆಮೇಲೆ ನಮ್ಮ ಆಯ್ಕೆ ಸರಿಯಿತ್ತು ಎನ್ನುತ್ತೇವೆ. ಅಮೆರಿಕದ ಯುವ ಸಾಕರಿನಲ್ಲಿ ಕೆಲವು ವರ್ಷಗಳಿಂದ ಕ್ಯಾಲೆಂಡರ್ ವರ್ಷವೇ ಗಡಿಯಾಗಿತ್ತು. 2026–27ರ ಸೀಸನ್ನಿನಿಂದ ಅದನ್ನು ಆಗಸ್ಟ್ 1ಕ್ಕೆ ಸರಿಸುವುದಾಗಿ ಅಲ್ಲಿನ ಪ್ರಮುಖ ಸಂಸ್ಥೆಗಳು ಪ್ರಕಟಿಸಿವೆ. ಗುಂಪಿನ ಅತಿ ಕಿರಿಯರ ಪೈಕಿ ಇದ್ದ ಸೆಪ್ಟೆಂಬರಿನ ಮಗು ಹೊಸ ಗಡಿಯಲ್ಲಿ ಅತಿ ಹಿರಿಯರ ಪೈಕಿ ಸೇರುತ್ತದೆ. ಕಾಗದದ ಮೇಲೆ ಒಂದು ಗೆರೆ ಸರಿದರೆ ಸ್ಥಾನ ಬದಲಾಗುವ ಅರ್ಹತೆಗಾಗಿ ಹನ್ನೆರಡು ಮನೆಗಳ ದುಡ್ಡನ್ನು ಇನ್ನು ಹನ್ನೆರಡು ಮನೆಗಳಿಗೆ ದಾಟಿಸುವುದನ್ನು ನಾನು ಒಪ್ಪಲಾರೆ.

ಇನ್ನೂ ಮುಖ್ಯವಾದದ್ದು, ಕೋಚಿಂಗ್ ಯಾರಿಗೆ ಹೆಚ್ಚು ಉಪಯೋಗ ಎಂಬುದು. ವಾಷಿಂಗ್ಟನ್ ವಿಶ್ವವಿದ್ಯಾಲಯದ ರೊನಾಲ್ಡ್ ಸ್ಮಿತ್ ಮತ್ತು ಫ್ರಾಂಕ್ ಸ್ಮೋಲ್ ಎಂಬ ಮನಶ್ಶಾಸ್ತ್ರಜ್ಞರು ಲಿಟಲ್ ಲೀಗ್ ಬೇಸ್‌ಬಾಲ್ ಕೋಚ್‌ಗಳಿಗೆ ಕೆಲವೇ ಗಂಟೆಗಳ ತರಬೇತಿ ಕೊಟ್ಟು ಫಲ ನೋಡಿದರು. ತಪ್ಪಿಗೆ ಬೈಯುವ ಬದಲು ತಿದ್ದುವುದು, ಗೆಲುವಿಗಿಂತ ಪ್ರಯತ್ನವನ್ನು ಮೆಚ್ಚುವುದು, ಇಂಥ ಸರಳ ಸಂಗತಿಗಳ ತರಬೇತಿ. 1992ರಲ್ಲಿ ಪ್ರಕಟವಾದ ಅವರ ತಂಡದ ಅಧ್ಯಯನದಲ್ಲಿ, ತರಬೇತಿಯಿಲ್ಲದ ಕೋಚ್‌ಗಳ ಕೈಕೆಳಗೆ ಆಡಿದ ಮಕ್ಕಳಲ್ಲಿ ಶೇ 26ರಷ್ಟು ಮುಂದಿನ ವರ್ಷ ಮೈದಾನಕ್ಕೆ ಮರಳಲಿಲ್ಲ. ತರಬೇತಿ ಪಡೆದವರ ಮಕ್ಕಳಲ್ಲಿ ಹಾಗೆ ಬಿಟ್ಟವರು ಶೇ 5 ಮಾತ್ರ. ಆತ್ಮವಿಶ್ವಾಸ ಕಡಿಮೆಯಿದ್ದ ಮಕ್ಕಳಿಗೇ ಒಳ್ಳೆಯ ಕೋಚಿನಿಂದ ಹೆಚ್ಚು ಲಾಭವಾದದ್ದೂ ಅವರ ಅಧ್ಯಯನಗಳಲ್ಲಿ ಕಂಡಿತು. ಅಂದರೆ ಮೂರನೇ ಟೀಮಿಗೆ ತರಬೇತಿಯಿಲ್ಲದವರನ್ನು ಬಿಡುವ ಕ್ಲಬ್ಬು, ಅತಿ ಹೆಚ್ಚು ಫಲ ಕೊಡುವ ಗದ್ದೆಗೇ ನೀರು ನಿಲ್ಲಿಸುತ್ತಿದೆ. ಆ ಮಕ್ಕಳು ಆಟ ಬಿಟ್ಟರೆ ಅವರಿಗೆ ಆಸಕ್ತಿಯಿರಲಿಲ್ಲ ಎಂದುಕೊಳ್ಳುತ್ತೇವೆ.

ಒಳ್ಳೆಯ ಕೋಚ್‌ಗಳು ಎಲ್ಲಿ ಸಿಗುತ್ತಾರೆ, ಸಿಕ್ಕವರು ಮೂರನೇ ಟೀಮಿಗೆ ಒಪ್ಪುತ್ತಾರೆಯೇ ಎಂದು ಕ್ಲಬ್ಬಿನ ಬೋರ್ಡಿನವರು ಕೇಳುತ್ತಾರೆ. ಇದು ನಿಜವಾದ ತೊಂದರೆ, ತಳ್ಳಿಹಾಕುವಂಥದ್ದಲ್ಲ. ಆದರೆ ಕೋಚನ್ನು ಟೀಮಿಗೆ ಕಟ್ಟಿಹಾಕಬೇಕೆಂಬ ನಿಯಮ ಯಾರು ಮಾಡಿದ್ದು? ವಯಸ್ಸಿನ ಗುಂಪಿಗೆ ಕಟ್ಟಬಹುದು. ವಾರಕ್ಕೆ ಒಂದು ಸಂಜೆ ಮೂರೂ ಟೀಮಿನ 36 ಮಕ್ಕಳು ಒಟ್ಟಿಗೆ ಸೇರಿ, ಸಂಬಳದ ಕೋಚ್‌ಗಳು ಒಂದೊಂದು ಮೂಲೆಯಲ್ಲಿ ಒಂದೊಂದು ಕೌಶಲ ಹೇಳಿಕೊಡುತ್ತ, ಮಕ್ಕಳು ಸುತ್ತು ಬರುವಂತೆ ಮಾಡಬಹುದು. ಪಾಲಕರೇ ಕೋಚ್ ಆಗಿರುವ ಕಡೆ ಅವರ ತರಬೇತಿಯ ಖರ್ಚನ್ನು ಕ್ಲಬ್ಬು ಕಟ್ಟಿ, ಅವರು ಉಳಿಸಿಕೊಟ್ಟ ಹಣದಲ್ಲಿ ಆ ಟೀಮಿಗೇ ಇನ್ನೊಂದು ದಿನ ಟ್ರೇನರನ್ನು ಕರೆಸಬಹುದು.

ಮೊದಲ ಟೀಮು ಗೆದ್ದರೆ ಕ್ಲಬ್ಬಿಗೆ ಹೆಸರು, ಹೆಸರಿನಿಂದ ಎಲ್ಲರಿಗೂ ಲಾಭ ಎಂಬ ವಾದವೂ ಇದೆ. ಹೆಸರಿನಿಂದ ಬರುವುದು ಇನ್ನಷ್ಟು ಮಕ್ಕಳು. ಆ ಮಕ್ಕಳಲ್ಲಿ ಬಹುಪಾಲು ಸೇರುವುದು ಎರಡನೇ ಮೂರನೇ ಟೀಮಿಗೆ. ಜಾಹೀರಾತಿಗೆ ತಗಲಿದ ಖರ್ಚನ್ನು ಆ ಜಾಹೀರಾತು ನೋಡಿ ಬಂದವರಿಂದಲೇ ವಸೂಲು ಮಾಡಿದ ಹಾಗಾಯಿತು. ಕಾಲೇಜಿನ ಸ್ಕಾಲರ್‌ಶಿಪ್ ಆಸೆಯನ್ನು ಕೆಲವರು ಮುಂದಿಡುತ್ತಾರೆ. ಅಲ್ಲಿನ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಕೊಡುವ ಲೆಕ್ಕದಲ್ಲಿ ಹೈಸ್ಕೂಲಿನಲ್ಲಿ ಆಡುವವರ ಪೈಕಿ ಕಾಲೇಜು ಟೀಮು ತಲುಪುವವರು ಶೇ 7ರ ಆಸುಪಾಸು, ಮೇಲ್ದರ್ಜೆಯ ಡಿವಿಷನ್ ಒಂದಕ್ಕೆ ಶೇ 2 ಅಷ್ಟೆ; ಡಿವಿಷನ್ ಮೂರರಲ್ಲಿ ಆಟಕ್ಕೆಂದು ಸ್ಕಾಲರ್‌ಶಿಪ್ಪೇ ಇಲ್ಲ. ಓದಿನ ಖರ್ಚಿಗೆ ಹಣ ಬೇಕಿದ್ದರೆ ಅದನ್ನು ಓದಿಗೆಂದೇ ಇರುವ 529 ಉಳಿತಾಯ ಖಾತೆಯಲ್ಲಿ ಕೂಡಿಡುವುದು ವಾಸಿ.

ಇಷ್ಟವಿಲ್ಲದವರು ಬೇರೆ ಕ್ಲಬ್ಬಿಗೆ ಹೋಗಲಿ, ಮಾರುಕಟ್ಟೆ ಅಂದರೆ ಅದೇ ತಾನೆ ಎನ್ನುವವರಿಗೆ ನನ್ನ ಉತ್ತರ: ಮಾರುಕಟ್ಟೆಯಲ್ಲಿ ಕೊಳ್ಳುವವರಿಗೆ ಏನು ಕೊಳ್ಳುತ್ತಿದ್ದೇವೆ ಎಂದು ಮೊದಲೇ ಗೊತ್ತಿರಬೇಕು. ಟ್ರೈಔಟ್ ಮುಗಿದ ಮೇಲೆ ಆಫರ್ ಬರುತ್ತದೆ, ಒಂದೆರಡು ದಿನದೊಳಗೆ ಒಪ್ಪಿ ಮುಂಗಡ ಕಟ್ಟಬೇಕು, ಕೋಚ್ ಯಾರೆಂಬುದು ಅನೇಕ ಕಡೆ ಆಮೇಲೆ ತಿಳಿಯುತ್ತದೆ. ಅಷ್ಟರಲ್ಲಿ ಅಕ್ಕಪಕ್ಕದ ಕ್ಲಬ್ಬುಗಳಲ್ಲಿ ಜಾಗ ತುಂಬಿರುತ್ತದೆ, ಮಗುವಿನ ಗೆಳೆಯರು ಇಲ್ಲೇ ಇರುತ್ತಾರೆ.

ಹಾಗಾದರೆ ಏನು ಮಾಡಬೇಕು? ಹನ್ನೆರಡು ವರ್ಷದವರೆಗೆ ಒಂದೇ ಫೀಸು ಮತ್ತು ಒಂದೇ ಕೋಚಿಂಗ್ ಇರಲಿ ಎನ್ನುತ್ತೇನೆ: ಅಷ್ಟೇ ಗಂಟೆ, ಅಷ್ಟೇ ತರಬೇತಿ ಪಡೆದ ಕೋಚ್‌ಗಳು. ನಾರ್ವೆಯ ಕ್ರೀಡಾ ನಿಯಮಗಳು ಹನ್ನೊಂದು ವರ್ಷ ತುಂಬುವ ವರ್ಷದವರೆಗೆ ಮಕ್ಕಳ ಲೀಗುಗಳಲ್ಲಿ ಅಂಕಪಟ್ಟಿಯನ್ನೇ ಇಟ್ಟುಕೊಳ್ಳಗೊಡುವುದಿಲ್ಲ; ಅದರೆದುರು ನಾನು ಕೇಳುತ್ತಿರುವುದು ತೀರಾ ಸಣ್ಣದು. ಆ ವಯಸ್ಸು ದಾಟಿದ ಮೇಲೆ ಟೀಮುಗಳ ನಡುವೆ ವ್ಯತ್ಯಾಸ ಇರಲಿ, ಆದರೆ ವ್ಯತ್ಯಾಸದ ಬೆಲೆಯನ್ನು ಅದನ್ನು ಪಡೆಯುವವರೇ ಕಟ್ಟಲಿ. ಮೇಲಿನ ಲೆಕ್ಕದಲ್ಲಿ ಮೂರನೇ ಟೀಮಿನ ಫೀಸು 1,100ಕ್ಕೆ ಇಳಿಯಬೇಕು, ಮೊದಲನೆಯದರದು 3,100 ದಾಟಬೇಕು. ಆಗ ಪ್ರತಿಭೆಯಿದ್ದೂ ಬಡತನವಿರುವ ಮಗು ಮೊದಲ ಟೀಮಿನಿಂದ ಹೊರಗುಳಿಯುವುದಿಲ್ಲವೇ? ಈ ಆಕ್ಷೇಪ ನನ್ನನ್ನು ಬಹಳ ಯೋಚನೆಗೆ ಹಚ್ಚಿದೆ. ಆದರೆ ಈಗಿರುವ ಸಬ್ಸಿಡಿ ಬಡವರನ್ನು ನೋಡಿ ಕೊಡುವುದಲ್ಲ. ಟ್ರಕ್ ಓಡಿಸುವವರ ಮಗು ಮೂರನೇ ಟೀಮಿನಲ್ಲಿ, ಡಾಕ್ಟರ ಮಗು ಮೊದಲನೆಯದರಲ್ಲಿ ಇದ್ದರೆ ಟ್ರಕ್ಕಿನ ಮನೆಯಿಂದ ಡಾಕ್ಟರ ಮನೆಗೆ ದುಡ್ಡು ಹೋಗುತ್ತದೆ. ಸಹಾಯ ಮಾಡುವುದಾದರೆ ಮನೆಯ ಆದಾಯ ನೋಡಿ ಮಾಡೋಣ, ಯಾವ ಟೀಮಿನ ಮಗುವಿಗಾದರೂ ಸರಿ. ಅದಕ್ಕೊಂದು ಬೇರೆ ನಿಧಿ, ಫೀಸಿನ ರಸೀತಿಯಲ್ಲಿ ಅದಕ್ಕೊಂದು ಬೇರೆ ಸಾಲು ಇರಲಿ. ಇಂತಿಷ್ಟು ಡಾಲರ್ ಇದಕ್ಕೆ ಹೋಗುತ್ತದೆ ಎಂದು ತಿಳಿಸಿ ಕೇಳಿದರೆ ಹೆಚ್ಚಿನವರು ಕೊಡುತ್ತಾರೆಂಬ ನಂಬಿಕೆ ನನ್ನದು.

ಇದನ್ನೆಲ್ಲ ಕೇಳುವ ದಾರಿ ಕಾನೂನಿನಲ್ಲೇ ಇದೆ. ಇಂಥ ಕ್ಲಬ್ಬುಗಳಲ್ಲಿ ಅನೇಕವು ಆದಾಯ ತೆರಿಗೆಯಿಂದ ವಿನಾಯಿತಿ ಪಡೆದ ಲಾಭರಹಿತ ಸಂಸ್ಥೆಗಳು. ವರ್ಷದ ವಹಿವಾಟು ಸಾಮಾನ್ಯವಾಗಿ 50,000 ಡಾಲರ್ ಮೀರಿದರೆ ಅವು ತೆರಿಗೆ ಇಲಾಖೆಗೆ ವರ್ಷದ ಲೆಕ್ಕದ ಫಾರ್ಮ್ 990 ಅಥವಾ ಅದರ ಚಿಕ್ಕ ರೂಪವನ್ನು ಸಲ್ಲಿಸಬೇಕು, ಕೇಳಿದವರಿಗೆ ಕಳೆದ ಮೂರು ವರ್ಷದ ಪ್ರತಿ ತೋರಿಸಬೇಕು. ಅದರಲ್ಲಿ ಒಟ್ಟು ಸಂಬಳ, ಒಟ್ಟು ಖರ್ಚು ಸಿಗುತ್ತದೆ, ಟೀಮುವಾರು ವಿವರ ಸಿಗುವುದಿಲ್ಲ. ಅದನ್ನು ಬೋರ್ಡಿನಿಂದಲೇ ಕೇಳಿ ಪಡೆಯಬೇಕು. 2013ರಲ್ಲಿ ಅಮೆರಿಕದ ಟ್ಯಾಕ್ಸ್ ಕೋರ್ಟು ವರ್ಜೀನಿಯಾದಲ್ಲಿ ಪಾಲಕರು ಹಣ ಕೂಡಿಸಲು ನಡೆಸುತ್ತಿದ್ದ ಜಿಮ್ನಾಸ್ಟಿಕ್ಸ್ ಬೂಸ್ಟರ್ ಕ್ಲಬ್ಬೊಂದರ ತೆರಿಗೆ ವಿನಾಯಿತಿ ರದ್ದಾದದ್ದನ್ನು ಎತ್ತಿಹಿಡಿಯಿತು. ಕ್ಲಬ್ಬಿನ ಹೆಸರಲ್ಲಿ ಸಾಮಾನು ಮಾರಿ ಬಂದ ಲಾಭವನ್ನು, ಮಾರಿದ ಪಾಲಕರ ಮಕ್ಕಳ ಫೀಸಿಗಷ್ಟೇ ಜಮೆ ಮಾಡುತ್ತಿದ್ದುದು ಅಲ್ಲಿನ ತಪ್ಪು. ಟೀಮುಗಳ ನಡುವಿನ ತಾರತಮ್ಯಕ್ಕೆ ಆ ತೀರ್ಪು ನೇರವಾಗಿ ಅನ್ವಯಿಸುತ್ತದೆಂದು ನಾನು ಹೇಳುತ್ತಿಲ್ಲ. ಸಾರ್ವಜನಿಕ ಉದ್ದೇಶದ ಹೆಸರಲ್ಲಿ ಕೂಡಿದ ಹಣ ಕೆಲವೇ ಮನೆಗಳ ಲಾಭಕ್ಕೆ ಹೋಗಬಾರದೆಂಬ ಅದರ ಹಿಂದಿನ ತತ್ತ್ವವನ್ನು ಬೋರ್ಡಿನ ಸಭೆಯಲ್ಲಿ ಧೈರ್ಯವಾಗಿ ಎತ್ತಬಹುದು.

ಆ ಸಭೆಗೆ ನಮ್ಮವರು ಹೋಗುವುದು ಕಡಿಮೆ. ನ್ಯೂಜೆರ್ಸಿ, ಟೆಕ್ಸಸ್, ಕ್ಯಾಲಿಫೋರ್ನಿಯಾದ ಕನ್ನಡದ ಮನೆಗಳಲ್ಲಿ ದಿನವಿಡೀ ಕಂಪನಿಗಳ ಲೆಕ್ಕ ನೋಡುವವರಿದ್ದಾರೆ, ಎಕ್ಸೆಲ್ ಹಾಳೆಯಲ್ಲಿ ಕೋಟಿಗಳ ಬಜೆಟ್ ಮಾಡುವವರಿದ್ದಾರೆ. ಮಗುವಿನ ಕ್ಲಬ್ಬಿನ ವಿಷಯಕ್ಕೆ ಬಂದಾಗ ಕೇಳಿದರೆ ಮಗುವನ್ನು ಬೆಂಚಿನಲ್ಲಿ ಕೂರಿಸಿಬಿಟ್ಟಾರು ಎಂಬ ಅಂಜಿಕೆ. ಒಬ್ಬರೇ ಕೇಳಿದರೆ ಆ ಅಂಜಿಕೆಗೆ ಅರ್ಥವಿದೆ. ಮೂರನೇ ಟೀಮಿನ ಹನ್ನೆರಡು ಮನೆಯವರೂ ಸಹಿ ಹಾಕಿ, ನಮ್ಮ ಫೀಸಿನಲ್ಲಿ ಕೋಚಿಂಗಿಗೆ ಎಷ್ಟು, ಪ್ರಯಾಣಕ್ಕೆ ಎಷ್ಟು, ಯಾವ ಟೀಮಿನ ಪ್ರಯಾಣಕ್ಕೆ ಎಂದು ಒಂದು ಪುಟದ ಕಾಗದ ಕೊಟ್ಟರೆ ಹನ್ನೆರಡು ಮಕ್ಕಳನ್ನೂ ಬೆಂಚಿನಲ್ಲಿ ಕೂರಿಸಲಾಗುವುದಿಲ್ಲ. ಬಹಳಷ್ಟು ಕ್ಲಬ್ಬುಗಳಲ್ಲಿ ಖಜಾಂಚಿಯ ಕೆಲಸಕ್ಕೆ ಜನ ಸಿಗುವುದೇ ಕಷ್ಟ. ಮುಂದಿನ ಟ್ರೈಔಟಿಗೆ ಮುಂಚೆ ನಿಮ್ಮ ಕ್ಲಬ್ಬಿನಲ್ಲಿ ಆ ಜಾಗ ಖಾಲಿಯಿದೆಯೇ ಎಂದು ಕೇಳಿ ನೋಡಿ.