ಅರವತ್ತಕ್ಕೇ ಪಿಂಚಣಿ ತಗೊಂಡುಬಿಡಲಾ?

ಕ್ಯಾಲ್ಗರಿಯ ನಮ್ಮ ಕನ್ನಡ ಬಳಗದಲ್ಲಿ ದುಡ್ಡಿನ ವಿಚಾರ ಎತ್ತಿಕೊಂಡು ನನ್ನ ಹತ್ತಿರ ಬರುವವರು ಮೊದಲೆಲ್ಲ ಮನೆ ಸಾಲದ ಬಡ್ಡಿ, ಮಕ್ಕಳ ಕಾಲೇಜು ಫೀಸು ಅಂತ ಕೇಳುತ್ತಿದ್ದರು. 2023ರ ಸೆಪ್ಟೆಂಬರಿನಿಂದ ಈಚೆಗೆ, ಐವತ್ತೆಂಟು ಐವತ್ತೊಂಬತ್ತರ ಆಸುಪಾಸಿನವರೆಲ್ಲ ಕೇಳುವುದು ಒಂದೇ ಪ್ರಶ್ನೆ. "ಅರವತ್ತು ತುಂಬಿದ ತಕ್ಷಣ ಪಿಂಚಣಿ ತಗೊಂಡುಬಿಡಲಾ? ಆಮೇಲೆ ಏನಾಗುತ್ತೋ ಯಾರಿಗೆ ಗೊತ್ತು?"

ಕೆನಡಾದ ಪಿಂಚಣಿ ಯೋಜನೆಯಿಂದ ಹೊರಬರುವ ಮಾತೆತ್ತಿ ಈ ಭಯವನ್ನು ಅವರ ತಲೆಗೆ ಹಾಕಿದ್ದು ನಮ್ಮ ಅಲ್ಬರ್ಟಾ ಪ್ರಾಂತ್ಯದ ಪ್ರೀಮಿಯರ್ ಡೇನಿಯಲ್ ಸ್ಮಿತ್ ಅವರ ಸರ್ಕಾರ. ಪ್ರೀಮಿಯರ್ ಎಂದರೆ ಇಲ್ಲಿನ ಮುಖ್ಯಮಂತ್ರಿ. ಪಿಂಚಣಿ ನಿಧಿ ಇನ್ನೂ ಹೋಗಿಲ್ಲ, ಒಂದು ಡಾಲರೂ ಕೈಬದಲಾಗಿಲ್ಲ. ಆದರೆ ಭಯಕ್ಕೆ ಆಗಲೇ ಜನ ಬೆಲೆ ತೆರುತ್ತಿದ್ದಾರೆ, ಆ ಬೆಲೆಯನ್ನು ಲೆಕ್ಕ ಹಾಕಿಯೇ ಹೇಳಬಹುದು.

ಕೆನಡಾ ಪೆನ್ಶನ್ ಪ್ಲಾನ್, ಸಿಪಿಪಿ, 1966ರಲ್ಲಿ ಶುರುವಾದದ್ದು. ಸಂಬಳದಲ್ಲಿ ಮೊದಲ 3,500 ಡಾಲರ್ ಬಿಟ್ಟು, ಮಿತಿಯವರೆಗಿನ ಉಳಿದ ಹಣಕ್ಕೆ ನಾವು ಶೇ 5.95 ಕಟ್ಟುತ್ತೇವೆ, ಕೆಲಸ ಕೊಟ್ಟವರು ಅಷ್ಟೇ ಕಟ್ಟುತ್ತಾರೆ. 2025ರಲ್ಲಿ ಆ ಮಿತಿ 71,300 ಡಾಲರ್. ಅದನ್ನು ಮುಟ್ಟಿದವರ ಪಾಲಿನ ವಂತಿಗೆ ಆ ವರ್ಷ 4,034 ಡಾಲರ್. ನನ್ನ ಗಂಡನದು ಸ್ವಂತ ಉದ್ಯೋಗವಾದ್ದರಿಂದ ಎರಡೂ ಪಾಲು ಅವರ ಜೇಬಿನಿಂದಲೇ ಹೋಗುತ್ತದೆ. ಪಿಂಚಣಿ ಸಿಗುವ ವಯಸ್ಸು ಸಾಮಾನ್ಯವಾಗಿ 65. ಬೇಕಾದರೆ 60ಕ್ಕೇ ತೆಗೆದುಕೊಳ್ಳಬಹುದು, ಆದರೆ ಮೊದಲು ತೆಗೆದುಕೊಂಡ ಪ್ರತಿ ತಿಂಗಳಿಗೂ ಶೇ 0.6 ಕಡಿತ. ಐದು ವರ್ಷಕ್ಕೆ ಶೇ 36. ಈ ಕಡಿತ ಬದುಕಿರುವಷ್ಟು ಕಾಲವೂ ಇರುತ್ತದೆ. 2025ರ ಲೆಕ್ಕದಂತೆ 65ಕ್ಕೆ ತಿಂಗಳಿಗೆ 1,433 ಡಾಲರ್ ಪೂರ್ತಿ ಪಿಂಚಣಿ ಪಡೆಯಬಹುದಾದವರು 60ಕ್ಕೆ ಕೈಚಾಚಿದರೆ ಸಿಗುವುದು ಸುಮಾರು 917. ಕಾಯಿಲೆ ಇದ್ದವರಿಗೆ, ಬೇರೆ ಆದಾಯವೇ ಇಲ್ಲದವರಿಗೆ ಬೇಗ ತೆಗೆದುಕೊಳ್ಳುವುದು ಸರಿಯೇ ಇರಬಹುದು. ಒಳ್ಳೆಯ ಆರೋಗ್ಯ, ಒಳ್ಳೆಯ ಕೆಲಸ ಎರಡೂ ಇರುವವರು ಸರ್ಕಾರದ ಮಾತಿಗೆ ಹೆದರಿ ತಿಂಗಳಿಗೆ ಐನೂರು ಡಾಲರನ್ನು ಆಯುಷ್ಯಪೂರ್ತಿ ಬಿಟ್ಟುಕೊಡುವುದನ್ನು ನೋಡಿದಾಗ ನನಗೆ ಹೊಟ್ಟೆ ಉರಿಯುತ್ತದೆ.

ಕರ್ನಾಟಕದಲ್ಲಿ 2006ರ ಏಪ್ರಿಲ್ 1ರ ನಂತರ ಸರ್ಕಾರಿ ನೌಕರಿಗೆ ಸೇರಿದವರಿಗೆ ಈ ಭಯವನ್ನು ಹೆಚ್ಚು ವಿವರಿಸಬೇಕಿಲ್ಲ. ಹಳೇ ಪಿಂಚಣಿ ಹೋಗಿ ಎನ್‌ಪಿಎಸ್ ಬಂದಾಗ ಮನೆಮನೆಯಲ್ಲಿ ಎದ್ದ ಪ್ರಶ್ನೆ ಅವರಿಗೆ ಚೆನ್ನಾಗಿ ಗೊತ್ತು.

ಇಲ್ಲಿ ನಡೆದದ್ದು ಹೀಗೆ. 2023ರ ಮೇ 29ರಂದು ಪ್ರಾಂತ್ಯದಲ್ಲಿ ಚುನಾವಣೆ. ಸ್ಮಿತ್ ಅವರು ಪಿಂಚಣಿಯನ್ನು ಮುಂದಿಟ್ಟು ಮತ ಕೇಳಲಿಲ್ಲ. ಗೆದ್ದು ನಾಲ್ಕು ತಿಂಗಳು ತುಂಬುವ ಮೊದಲೇ, ಸೆಪ್ಟೆಂಬರ್ 21ರಂದು, ಅವರ ಸರ್ಕಾರ ಲೈಫ್‌ವರ್ಕ್ಸ್ ಎಂಬ ಸಂಸ್ಥೆಯಿಂದ ಮಾಡಿಸಿದ ವರದಿಯನ್ನು ಹೊರಗಿಟ್ಟಿತು. ಅಲ್ಬರ್ಟಾ ಸಿಪಿಪಿಯಿಂದ ಹೊರಬಂದರೆ 2027ರಲ್ಲಿ ಅದಕ್ಕೆ 33,400 ಕೋಟಿ ಡಾಲರ್ ಬರಬೇಕು, ಅಂದರೆ ನಿಧಿಯ ಶೇ 53, ಎಂದು ಆ ವರದಿ ಹೇಳಿತು. ಕೆನಡಾದ ಜನಸಂಖ್ಯೆಯಲ್ಲಿ ಅಲ್ಬರ್ಟಾದ ಪಾಲು ಶೇ 12ರಷ್ಟು. ಒಬ್ಬೊಬ್ಬ ಕೆಲಸಗಾರನಿಗೆ ವರ್ಷಕ್ಕೆ 1,425 ಡಾಲರ್‌ವರೆಗೂ ಉಳಿತಾಯ ಎಂಬ ಪ್ರಚಾರವೂ ಜತೆಗೇ ಶುರುವಾಯಿತು.

ಶೇ 53 ಹೇಗೆ ಬಂತು? ಅಲ್ಬರ್ಟಾದವರು ಇಷ್ಟು ವರ್ಷ ಕಟ್ಟಿದ್ದು ಹೆಚ್ಚು, ಪಡೆದದ್ದು ಕಡಿಮೆ. ಆ ವ್ಯತ್ಯಾಸಕ್ಕೆ ವರ್ಷ ವರ್ಷದ ಗಳಿಕೆಯನ್ನು ಸೇರಿಸುತ್ತಾ ಹೋದರೆ ಬರುವ ಮೊತ್ತ ಅದು. ಕಟ್ಟಿದ್ದು ಹೆಚ್ಚು ಎಂಬುದು ನಿಜ. ಇಲ್ಲಿನ ಜನ ಸರಾಸರಿಯಲ್ಲಿ ಚಿಕ್ಕ ವಯಸ್ಸಿನವರು, ಸಂಬಳವೂ ಹೆಚ್ಚು. ಆದರೆ ಇದೇ ಸೂತ್ರವನ್ನು ಒಂಟಾರಿಯೊ, ಬ್ರಿಟಿಷ್ ಕೊಲಂಬಿಯಾ ಕೂಡ ಹಿಡಿದುಕೊಂಡರೆ ಮೂವರ ಪಾಲು ಸೇರಿ ನಿಧಿಯನ್ನೇ ಮೀರುತ್ತದೆ. ಹಂಚಿದಾಗ ಇರುವುದಕ್ಕಿಂತ ಹೆಚ್ಚಾಗುವ ಲೆಕ್ಕವನ್ನು ನಂಬಿ ಯಾರಾದರೂ ನಿವೃತ್ತಿಯ ಯೋಜನೆ ಮಾಡಲಾದೀತೇ? ಕ್ಯಾಲ್ಗರಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಟ್ರೆವರ್ ಟೂಂಬ್ ಅವರ ಅಂದಾಜು ಶೇ 53ರ ಅರ್ಧವನ್ನೂ ಮುಟ್ಟುವುದಿಲ್ಲ. ಅದೂ ಅಲ್ಲದೆ ಕಟ್ಟಿದವರು ಯಾರು? ಫೋರ್ಟ್ ಮೆಕ್‌ಮರ‍್ರಿಯ ತೈಲ ಮರಳಿನಲ್ಲಿ ದುಡಿದು, ಮುಪ್ಪಿಗೆ ಅಟ್ಲಾಂಟಿಕ್ ಕರಾವಳಿಯ ತಮ್ಮೂರಿಗೆ ಮರಳಿದವರು ಎಷ್ಟೋ ಮಂದಿ. ಅವರು ಕಟ್ಟಿದ ಹಣವನ್ನು ಈ ಪ್ರಾಂತ್ಯದ ಹಣ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಜನರ ಅಭಿಪ್ರಾಯ ಕೇಳಲು ಪ್ರಾಂತ್ಯದ ಮಾಜಿ ಹಣಕಾಸು ಮಂತ್ರಿ ಜಿಮ್ ಡಿನ್ನಿಂಗ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿದರು. ಅದರ ಸಮೀಕ್ಷೆಯನ್ನು ನಾನೂ ತುಂಬಿದೆ. ಹೊಸ ಪಿಂಚಣಿ ಹೇಗಿರಬೇಕು ಎಂದು ಕೇಳಿದ್ದರು. ಹೊರಗೆ ಬರಬೇಕೇ ಬೇಡವೇ ಎಂದು ನೇರವಾಗಿ ಕೇಳಿರಲಿಲ್ಲ. ಕೊನೆಗೆ 2025ರಲ್ಲಿ ಬಯಲಿಗೆ ಬಂದ ಫಲಿತಾಂಶದಲ್ಲಿ ಶೇ 60ಕ್ಕೂ ಹೆಚ್ಚು ಜನ ವಿರೋಧಿಸಿದ್ದರು. ಒಕ್ಕೂಟ ಸರ್ಕಾರದ ಮುಖ್ಯ ಆಕ್ಚುಯರಿ, ಅಂದರೆ ಪಿಂಚಣಿ ಲೆಕ್ಕದ ಅಧಿಕಾರಿ, 2024ರ ಡಿಸೆಂಬರಿನಲ್ಲಿ ಹೊರಬರುವ ಪ್ರಾಂತ್ಯದ ಪಾಲಿನ ಬಗ್ಗೆ ಕಾನೂನನ್ನು ಹೇಗೆ ಓದಬೇಕೆಂದು ಹೇಳಿದರೇ ಹೊರತು ಮೊತ್ತವನ್ನು ಹೇಳಲಿಲ್ಲ. ಇಷ್ಟಾದ ಮೇಲೂ 2025ರ ಬೇಸಿಗೆಯಲ್ಲಿ 'ಅಲ್ಬರ್ಟಾ ನೆಕ್ಸ್ಟ್' ಎಂಬ ಹೊಸ ಸಮಿತಿಯ ಮುಂದೆ ಅದೇ ಪಿಂಚಣಿಯ ಮಾತು ಮತ್ತೆ ಬಂತು. ಬೇಡ ಎಂದ ಜನ ಇನ್ನೆಷ್ಟು ಸಲ ಬೇಡ ಎನ್ನಬೇಕು?

ಹಣ ಇಲ್ಲಿಗೆ ಬಂದರೆ ಯಾರ ಕೈಯಲ್ಲಿರುತ್ತದೆ ಎಂಬುದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಪ್ರಶ್ನೆ. ಸಿಪಿಪಿ ನಿಧಿ ಸರ್ಕಾರದಿಂದ ದೂರ ನಿಂತು ಹೂಡಿಕೆ ಮಾಡುತ್ತದೆ. 2025ರ ಮಾರ್ಚ್ ಕೊನೆಗೆ ಅದು 71,440 ಕೋಟಿ ಡಾಲರಿನ ನಿಧಿ. ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ನನ್ನ ತಮ್ಮನ ಮಗಳು ಸಿನಿಮಾಗೆ ಹೋಗುವ ಫೀನಿಕ್ಸ್ ಮಾರ್ಕೆಟ್‌ಸಿಟಿಯ ಒಡೆತನದ ಕಂಪನಿಯಲ್ಲೂ 2017ರಲ್ಲಿ ಅದು ಪಾಲು ಕೊಂಡಿತ್ತು. ಅಲ್ಬರ್ಟಾ ಪ್ರಾಂತ್ಯದ ಹೂಡಿಕೆ ಸಂಸ್ಥೆ ಐಮ್‌ಕೊ. 2020ರಲ್ಲಿ ಮಾರುಕಟ್ಟೆಯ ಏರಿಳಿತದ ಮೇಲೆ ಪಣ ಕಟ್ಟಿ ಅದು 210 ಕೋಟಿ ಡಾಲರ್ ಕಳೆದುಕೊಂಡಿತು. 2024ರ ನವೆಂಬರಿನಲ್ಲಿ ಸ್ಮಿತ್ ಸರ್ಕಾರ ಅದರ ಇಡೀ ಆಡಳಿತ ಮಂಡಳಿಯನ್ನೂ ಮುಖ್ಯಸ್ಥರನ್ನೂ ಒಂದೇ ಏಟಿಗೆ ಕಿತ್ತುಹಾಕಿ, ಕೆಲವೇ ದಿನಗಳಲ್ಲಿ ಮಾಜಿ ಪ್ರಧಾನಿ ಸ್ಟೀಫನ್ ಹಾರ್ಪರ್ ಅವರನ್ನು ಅಧ್ಯಕ್ಷರನ್ನಾಗಿ ಕೂರಿಸಿತು. ಹಾರ್ಪರ್ ಸಮರ್ಥರೇ ಇರಬಹುದು. ಆದರೆ ಒಂದು ಸಂಪುಟದ ನಿರ್ಧಾರಕ್ಕೆ ಇಡೀ ಮಂಡಳಿ ಹೋಗುವ ಜಾಗದಲ್ಲಿ ನನ್ನ ಮುಪ್ಪಿನ ಅನ್ನವನ್ನು ಇಡಲು ನಾನು ಒಪ್ಪುವುದಿಲ್ಲ.

ನಮ್ಮಂಥವರಿಗೆ ಇನ್ನೊಂದು ತೊಡಕಿದೆ, ಅದನ್ನು ಇಲ್ಲಿನ ಪತ್ರಿಕೆಗಳು ಬರೆಯುವುದಿಲ್ಲ. ಭಾರತ ಮತ್ತು ಕೆನಡಾ ನಡುವೆ 2015ರ ಆಗಸ್ಟ್ 1ರಿಂದ ಸಾಮಾಜಿಕ ಭದ್ರತಾ ಒಪ್ಪಂದ ಜಾರಿಯಲ್ಲಿದೆ. ನಾನು ಬೆಂಗಳೂರಿನಲ್ಲಿ ಕೆಲಸ ಮಾಡಿದ್ದು ಹತ್ತು ವರ್ಷ ತುಂಬಲಿಲ್ಲ. ಅಲ್ಲಿನ ನೌಕರರ ಪಿಂಚಣಿ ಯೋಜನೆಯಾದ ಇಪಿಎಸ್‌ನಿಂದ ಪಿಂಚಣಿ ಪಡೆಯಲು ಹತ್ತು ವರ್ಷದ ಸೇವೆ ಬೇಕು. ಅಲ್ಲಿನ ಹಣವನ್ನು ಪೂರ್ತಿ ತೆಗೆಯದೆ ಬಂದವರಿಗೆ, ಇಲ್ಲಿ ವಂತಿಗೆ ಕಟ್ಟಿದ ವರ್ಷಗಳನ್ನೂ ಅರ್ಹತೆಗೆ ಸೇರಿಸಿ ಎಣಿಸಲು ಈ ಒಪ್ಪಂದ ದಾರಿ ಮಾಡಿದೆ. ಕ್ವಿಬೆಕ್‌ಗೆ ತನ್ನದೇ ಪಿಂಚಣಿ ಇರುವುದರಿಂದ ಅದು ಭಾರತದ ಜತೆ ಬೇರೆಯೇ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಅಲ್ಬರ್ಟಾ ಬೇರೆಯಾದರೆ ನಮ್ಮ ಆ ವರ್ಷಗಳ ಗತಿ ಏನು? ಈ ಪ್ರಾಂತ್ಯದಲ್ಲಿ ಭಾರತದಿಂದ ಬಂದವರು ಇಷ್ಟೊಂದು ಮಂದಿ ಇದ್ದೂ, ನಮಗೆ ತಿಳಿಯುವ ಹಾಗೆ ಇದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ಆರೋಗ್ಯದ ಕಥೆಯೂ ಇದೇ ದಾರಿಯದು, ನಿವೃತ್ತಿಯ ಲೆಕ್ಕದಲ್ಲಿ ಅದನ್ನು ಬೇರೆ ಇಡಲಾಗದು. ಕೆನಡಾದಲ್ಲಿ ಮುಪ್ಪಿಗೆ ಎಷ್ಟು ಉಳಿಸಬೇಕು ಎಂದು ಲೆಕ್ಕ ಹಾಕುವಾಗ, ಆಸ್ಪತ್ರೆಯ ಖರ್ಚು ಸರ್ಕಾರದ್ದು ಎಂದೇ ನಾವು ಹಿಡಿದುಕೊಳ್ಳುತ್ತೇವೆ. ಆ ಭರವಸೆ ಅಲುಗಾಡಿದರೆ ಮೇಲಿನ ಲೆಕ್ಕವೆಲ್ಲ ಮತ್ತೆ ಮೊದಲಿನಿಂದ. 2022ರ ಅಕ್ಟೋಬರಿನಲ್ಲಿ ಸ್ಮಿತ್ ಅಧಿಕಾರಕ್ಕೆ ಬಂದರು, ಮರು ತಿಂಗಳೇ ಅಲ್ಬರ್ಟಾ ಹೆಲ್ತ್ ಸರ್ವೀಸಸ್‌ನ ಮಂಡಳಿಯನ್ನು ತೆಗೆದು ಒಬ್ಬರೇ ಆಡಳಿತಾಧಿಕಾರಿಯನ್ನು ನೇಮಿಸಿದರು. ಮುಖ್ಯ ವೈದ್ಯಾಧಿಕಾರಿಯನ್ನೂ ಬದಲಿಸಿದರು. 2023ರ ನವೆಂಬರಿನಲ್ಲಿ ಆ ಸಂಸ್ಥೆಯ ಕೆಲಸವನ್ನು ನಾಲ್ಕು ಸಂಸ್ಥೆಗಳಿಗೆ ಹಂಚುವುದಾಗಿ ಸಾರಿದರು. 2025ರ ಜನವರಿಯಲ್ಲಿ ಅದರ ಮುಖ್ಯಸ್ಥೆ ಹೋದರು, ಹಿಂದೆಯೇ ಮಂಡಳಿ ಇನ್ನೊಮ್ಮೆ ಹೋಯಿತು. ಮಕ್ಕಳ ಜ್ವರದ ಔಷಧಿಗೆ ಬರ ಬಂದಾಗ ಟರ್ಕಿಯಿಂದ ತರಿಸಲು ಸುಮಾರು 7 ಕೋಟಿ ಡಾಲರ್ ಕೊಟ್ಟರು, ಹೇಳಿದ ಬಾಟಲಿಗಳಲ್ಲಿ ಹೆಚ್ಚಿನವು ಬರಲೇ ಇಲ್ಲ. ಹಿಂದಿನ ಪ್ರೀಮಿಯರ್ ಕಾಲದಲ್ಲಿ ನಿರ್ಧಾರವಾಗಿ ಇವರ ಕಾಲದಲ್ಲಿ ಜಾರಿಗೆ ಬಂದ ರಕ್ತಪರೀಕ್ಷೆಯ ಖಾಸಗೀಕರಣವನ್ನು ಹಿಂದಕ್ಕೆ ಪಡೆಯುವುದಾಗಿ 2023ರ ಆಗಸ್ಟಿನಲ್ಲಿ ಸರ್ಕಾರವೇ ಹೇಳಿತು. ನಡುವಿನ ಆ ತಿಂಗಳುಗಳಲ್ಲಿ ನನ್ನ ಗಂಡನ ಸಕ್ಕರೆ ಕಾಯಿಲೆಯ ಪರೀಕ್ಷೆಗೆ ಸರದಿ ಸಿಗುವುದೇ ಕಷ್ಟವಾಗಿತ್ತು.

2025ರಲ್ಲಿ ಅಲ್ಬರ್ಟಾದಲ್ಲಿ ದಡಾರ ಹಬ್ಬಿ ಎಷ್ಟೋ ಮನೆಗಳು ಕಂಗಾಲಾದವು. ಆ ನವೆಂಬರಿನಲ್ಲಿ ಕೆನಡಾ ದಡಾರಮುಕ್ತ ದೇಶವೆಂಬ ಮಾನ್ಯತೆಯನ್ನೇ ಕಳೆದುಕೊಂಡಿತು. ಲಸಿಕೆಯ ಪರವಾಗಿ ಪ್ರೀಮಿಯರ್ ಗಟ್ಟಿಯಾಗಿ ಮಾತಾಡಬೇಕಿದ್ದ ಅದೇ ವರ್ಷದಲ್ಲಿ, ಹೆಚ್ಚಿನವರಿಗೆ ಕೋವಿಡ್ ಲಸಿಕೆಗೆ 100 ಡಾಲರ್ ಶುಲ್ಕ ಬಂತು. ನಾಲ್ಕು ಜನರ ಮನೆಗೆ 400 ಡಾಲರ್ ಅಂದರೆ ಎಷ್ಟೋ ಮನೆಗಳಲ್ಲಿ ಲಸಿಕೆಯ ಆಸೆಯನ್ನೇ ಬಿಟ್ಟಂತೆ. ವರ್ಷದ ಕೊನೆಗೆ, ವೈದ್ಯರು ಸರ್ಕಾರಿ ವ್ಯವಸ್ಥೆಯಲ್ಲೂ ಖಾಸಗಿಯಲ್ಲೂ ಒಟ್ಟಿಗೆ ಕೆಲಸ ಮಾಡಲು ಅವಕಾಶ ಕೊಡುವ ಮಸೂದೆಯನ್ನು ತಂದರು.

ನಮ್ಮ ಮನೆಯಲ್ಲಿ ಗಂಡನ ಮಂಡಿಯ ಶಸ್ತ್ರಚಿಕಿತ್ಸೆ ಸರದಿಯಲ್ಲಿದೆ. "ಅಕ್ಕಾ, ಭಾವನ್ನ ಇಲ್ಲಿಗೇ ಕರ್ಕೊಂಡ್ ಬಾ, ಮೈಸೂರಲ್ಲೇ ಮಾಡ್ಸೋಣ" ಎಂದು ತಮ್ಮ ಪ್ರತಿ ಫೋನಿಗೂ ಹೇಳುತ್ತಾನೆ. ಮೂವತ್ತು ಚಳಿಗಾಲ ತೆರಿಗೆ ಕಟ್ಟಿದವರಿಗೆ ಆ ಮಾತು ಬಹಳ ನೋವು ಕೊಡುತ್ತದೆ. ಆದರೂ ಮನೆಯ ಲೆಕ್ಕದ ಪುಸ್ತಕದಲ್ಲಿ 'ಆರೋಗ್ಯ' ಎಂಬ ಸಾಲಿಗೆ ಈಗ ಪ್ರತಿ ತಿಂಗಳೂ ಹಣ ಎತ್ತಿಡುತ್ತೇನೆ. ಮೊಮ್ಮಗಳ ಓದಿಗೆಂದು ಇಡಬಹುದಾಗಿದ್ದ ಹಣ ಅದು.

ಕೇಳಲು ಬಂದವರಿಗೆ ನಾನು ಹೇಳುವುದು ಇಷ್ಟು. ಪ್ರಾಂತ್ಯ ಹೊರಬರಬೇಕಾದರೆ 2023ರಲ್ಲಿ ಇದೇ ಸರ್ಕಾರ ಮಾಡಿದ ಕಾನೂನಿನ ಪ್ರಕಾರ ಜನಮತಗಣನೆ ನಡೆಯಬೇಕು. ಆಮೇಲೆ ಒಕ್ಕೂಟ ಸರ್ಕಾರಕ್ಕೆ ನೋಟಿಸು ಕೊಟ್ಟು ಸುಮಾರು ಮೂರು ವರ್ಷ ಕಾಯಬೇಕು. ರಾತ್ರೋರಾತ್ರಿ ಏನೂ ಆಗುವುದಿಲ್ಲ. ಸರ್ವಿಸ್ ಕೆನಡಾದ ಖಾತೆಯಿಂದ ವಂತಿಗೆಯ ವಿವರವನ್ನು ಇಳಿಸಿಕೊಂಡು ಮನೆಯಲ್ಲಿಡಿ. ಪಿಎಫ್, ಇಪಿಎಸ್ ಕಾಗದಗಳನ್ನು ಅದರ ಜತೆಗೇ ಇಡಿ. 60ಕ್ಕೆ ತೆಗೆದುಕೊಳ್ಳುವ ನಿರ್ಧಾರಕ್ಕೆ ನಿಮ್ಮ ಆರೋಗ್ಯ, ನಿಮ್ಮ ಸಾಲ, ನಿಮ್ಮ ಬೇರೆ ಉಳಿತಾಯ ಕಾರಣವಾಗಲಿ. ಸರ್ಕಾರದ ಪತ್ರಿಕಾಗೋಷ್ಠಿ ಕಾರಣವಾಗದಿರಲಿ.

ಪ್ರೀಮಿಯರ್ ಅವರಿಂದ ಬೇಕಾದದ್ದೂ ದೊಡ್ಡದೇನಲ್ಲ. ಪಿಂಚಣಿಯ ವಿಚಾರ ಮುಗಿಯಿತು ಎಂದು ಹೇಳಲಿ. ಹೇಳಲಾರರು ಎಂದಾದರೆ ಎಲ್ಲರೂ ಒಪ್ಪುವ ಮೊತ್ತವನ್ನು ಮುಂದಿಟ್ಟು, ಹೊರಬರಬೇಕೇ ಬೇಡವೇ ಎಂಬ ಒಂದೇ ನೇರ ಪ್ರಶ್ನೆಯನ್ನು ಜನರಿಗೆ ಕೇಳಲಿ. ಕೋವಿಡ್ ಲಸಿಕೆಯ ಶುಲ್ಕವನ್ನು ಮುಂದಿನ ಚಳಿಗಾಲಕ್ಕೆ ಮೊದಲೇ ತೆಗೆದುಹಾಕಲಿ.