ಬೀದರಿನ ಕುದುರೆಯ ಕಡಲ ಹಾದಿ

ಬೀದರಿನ ಕೋಟೆಯ ಮೇಲೆ ನಿಂತು ಪಶ್ಚಿಮಕ್ಕೆ ದೃಷ್ಟಿಸಿದರೆ ಕಡಲು ಕಾಣದು. ನೇರವಾಗಿ ಅಳೆದರೂ ಅದು ಸುಮಾರು 450 ಕಿಲೋಮೀಟರು ದೂರದಲ್ಲಿದೆ. ಆದರೂ ಹದಿನೈದನೆಯ ಶತಮಾನದಲ್ಲಿ ಬಹಮನಿ ಸುಲ್ತಾನರ ಈ ರಾಜಧಾನಿಯ ಸೇನಾಬಲವು ಕಡಲ ಗಾಳಿಯನ್ನು ನೆಚ್ಚಿಕೊಂಡಿತ್ತು. ಉತ್ತಮ ಕುದುರೆಗಳು ಅರೇಬಿಯ, ಪರ್ಷಿಯಗಳಿಂದ ಹಾಯಿಹಡಗಿನಲ್ಲಿ ಬರಬೇಕಾಗಿದ್ದವು. ಅಂತಹ ಪ್ರಯಾಣವು ಹೇಗಿತ್ತೆಂಬುದನ್ನು ನಾವು ವಿಚಾರಮಾಡೋಣ.

ರಷ್ಯದ ತ್ವೇರ್ ನಗರದ ವರ್ತಕನಾದ ಅಫನಾಸಿ ನಿಕಿತಿನ್ 1470ರ ಸುಮಾರಿಗೆ ಹೊರ್ಮುಜ್ ಬಂದರಿನಿಂದ ಹೊರಟು, ಕುದುರೆಯೊಂದನ್ನು ತಂದು ಬೀದರಿನಲ್ಲಿ ಮಾರಿದನು. ಮಸ್ಕತ್ತಿಗೆ 10 ದಿನ. ಗುಜರಾತಿನ ಮಾರ್ಗವಾಗಿ ಕೊಂಕಣದ ಚೌಲ್ ಬಂದರನ್ನು ಮುಟ್ಟಲು ಒಟ್ಟು 6 ವಾರ ಹಿಡಿಯಿತೆಂದು ಅವನು ಬರೆದಿಟ್ಟಿದ್ದಾನೆ.

ಹೊರ್ಮುಜಿನ ಹಡಗುಗಳನ್ನು ಎರಡು ಶತಮಾನ ಮೊದಲೇ ಕಂಡಿದ್ದ ಮಾರ್ಕೋ ಪೋಲೋ, ಅವುಗಳ ಹಲಗೆಗಳನ್ನು ಕಬ್ಬಿಣದ ಮೊಳೆಯಿಲ್ಲದೆ ತೆಂಗಿನ ನಾರಿನ ಹುರಿಯಿಂದ ಹೊಲಿದಿದ್ದರೆಂದೂ, ಸರಕಿಗೆ ತೊಗಲು ಹೊದಿಸಿ ಅದರ ಮೇಲೆ ಕುದುರೆಗಳನ್ನು ನಿಲ್ಲಿಸುತ್ತಿದ್ದರೆಂದೂ ತಿಳಿಸುತ್ತಾನೆ. ಒಂದು ಕುದುರೆಗೆ ದಿನಕ್ಕೆ ಸುಮಾರು 30 ಲೀಟರು ನೀರು ಬೇಕು. 20 ಕುದುರೆಗಳಿದ್ದರೆ ಮಸ್ಕತ್ತಿನವರೆಗಿನ 10 ದಿನಗಳಿಗೆ 6,000 ಲೀಟರು! ಗಾಳಿ ನಿಂತರೆ ಹಡಗೂ ನಿಲ್ಲುತ್ತದೆ. ಬಾಯಾರಿಕೆ ಮಾತ್ರ ನಿಲ್ಲುವುದಿಲ್ಲ. ಆದುದರಿಂದ ನೀರನ್ನು ಅಳೆದು ಕೊಡುವುದೇ ಹಡಗಿನ ನಿತ್ಯದ ಮುಖ್ಯ ಕೆಲಸವಾಗಿದ್ದಿತು.

ಹಡಗಿನ ಸುತ್ತಲಿನ ಕಡಲು ಬರಿದಾದುದಲ್ಲ. ಹಿಂಬಾಲಿಸುವ ದೊಡ್ಡ ಮೀನಿಗೆ ಹೆದರಿ ಹಾರುಮೀನುಗಳು ನೀರಿನಿಂದ ಚಿಮ್ಮಿ, ಅಗಲವಾದ ಈಜುರೆಕ್ಕೆಗಳನ್ನು ಹರಡಿ ತೇಲುತ್ತವೆ. ಡಾಲ್ಫಿನ್‌ಗಳು ಹಡಗಿನ ಮುಂಭಾಗ ಎಬ್ಬಿಸುವ ಅಲೆಯ ನೂಕುಬಲವನ್ನು ಬಳಸಿಕೊಂಡು, ಕಡಿಮೆ ಶ್ರಮದಿಂದ ಜೊತೆಜೊತೆಗೆ ಈಜುತ್ತವೆ. ಆದರೆ ನಾವಿಕನಿಗೆ ಹೆಚ್ಚು ಉಪಯುಕ್ತವಾದ ಪ್ರಾಣಿ ಕಡಲಹಾವು. ಇದಕ್ಕೆ ಕಾರಣವೇನು?

ತೆರೆದ ಕಡಲನ್ನು ಅಡ್ಡ ಹಾಯುವ ಅರಬ್ ನಾವಿಕರು ಕಮಾಲ್ ಎಂಬ ಗಂಟುದಾರದ ಹಲಗೆಯಿಂದ ಧ್ರುವನಕ್ಷತ್ರದ ಎತ್ತರವನ್ನು ಅಳೆಯುತ್ತಿದ್ದರು. ಬಂದರಿನಲ್ಲಿ ಕಾಣುವಷ್ಟೇ ಎತ್ತರದಲ್ಲಿ ನಕ್ಷತ್ರವು ಕಂಡಾಗ, ಆ ಎತ್ತರವನ್ನು ಕಾಯ್ದುಕೊಂಡು ಪೂರ್ವಕ್ಕೆ ಸಾಗಿದರಾಯಿತು. ಆದರೆ ತೀರ ಇನ್ನೆಷ್ಟು ದೂರವೆಂಬುದನ್ನು ನಕ್ಷತ್ರವು ಹೇಳಲಾರದು. ಅದನ್ನು ಸೂಚಿಸುತ್ತಿದ್ದುದು ಹಾವು. ಬಹುತೇಕ ಕಡಲಹಾವುಗಳು ತೀರದ ಆಳವಿಲ್ಲದ ನೀರಿನಲ್ಲಿ ಬೇಟೆಯಾಡುತ್ತವೆ. ಉಸಿರಿಗಾಗಿ ಮೇಲೆ ಬರಲೇಬೇಕು. ಹಾವು ಕಂಡರೆ ನೆಲ ಸಮೀಪವೆಂಬ ಈ ತಿಳಿವಳಿಕೆಯು ಒಂದನೆಯ ಶತಮಾನದ ಗ್ರೀಕ್ ನೌಕಾಕೈಪಿಡಿಯಾದ ‘ಪೆರಿಪ್ಲಸ್’ನಲ್ಲಿಯೇ ಇದೆ.

ಇಷ್ಟು ತಿಳಿದಿದ್ದರೂ ಗಾಳಿಯ ಮುಂದೆ ಮನುಷ್ಯನು ಅಧೀನನೇ. ಹಿಂದಿರುಗುವಾಗ ನಿಕಿತಿನ್ ದಾಭೋಳದಲ್ಲಿ ಎರಡು ಹೊನ್ನು ತೆತ್ತು ಹೊರ್ಮುಜಿನ ಹಡಗನ್ನೇರಿದನು. ಒಂದು ತಿಂಗಳು ಏನೂ ಕಾಣಲಿಲ್ಲ. ಎರಡನೆಯ ತಿಂಗಳಲ್ಲಿ ಕಂಡದ್ದು ಇಥಿಯೋಪಿಯದ ಬೆಟ್ಟಗಳು! ಚಳಿಗಾಲದ ಈಶಾನ್ಯ ಮಾರುತವು ಹಡಗುಗಳನ್ನು ಆಫ್ರಿಕದತ್ತ ತಳ್ಳುವಂಥದು. ಅಲ್ಲಿಯವರಿಗೆ ಅಕ್ಕಿ, ಮೆಣಸು, ರೊಟ್ಟಿಗಳನ್ನು ಹಂಚಿ, ಹಡಗು ಲೂಟಿಯಾಗದಂತೆ ಕಾಪಾಡಿಕೊಂಡರು. ಅಲ್ಲಿಂದ ಮಸ್ಕತ್ತಿಗೆ ಮತ್ತೆ 12 ದಿನ.

ಬೀದರ, ಭಾಲ್ಕಿ, ಔರಾದಗಳ ವಿದ್ಯಾರ್ಥಿಗಳು ಈ ಅಳತೆಯನ್ನು ತಾವೇ ಮಾಡಿ ನೋಡಬಹುದು. ಈ ಮೂರೂ ಊರುಗಳು ಸುಮಾರು 18 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ದಾಭೋಳ, ಚೌಲ್‌ಗಳೂ ಹೆಚ್ಚುಕಡಿಮೆ ಅಲ್ಲಿಯೇ. ಕೈಯನ್ನು ನೀಳವಾಗಿ ಚಾಚಿ ಹಿಡಿದ ಮುಷ್ಟಿಯು ಸುಮಾರು 10 ಡಿಗ್ರಿಯನ್ನು ಮರೆಮಾಡುತ್ತದೆ. ಉತ್ತರದ ದಿಗಂತದಿಂದ ಎರಡು ಮುಷ್ಟಿಗೆ ತುಸು ಕೆಳಗೆ ಧ್ರುವನಕ್ಷತ್ರವನ್ನು ಹುಡುಕಿರಿ. ಚೌಲಿನ ತೀರದಲ್ಲಿ ನಿಂತವನಿಗೂ ಅದು ಬಹುಮಟ್ಟಿಗೆ ಅಷ್ಟೇ ಎತ್ತರದಲ್ಲಿ ಕಾಣುತ್ತದೆ.